ನಾಲ್ಕನೇ ಚುಕ್ಕಿ

ಕಾಫಿಪುಡಿ ಬಣ್ಣದ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಕತ್ತಿನ ಗೆರೆ ಎಳೆದು, ತೋಳಿನ ಸುತ್ತಿಗೆ ಮುಕ್ಕಾಲು ಇಂಚು ಹೆಚ್ಚು ಬಿಟ್ಟು, ಶಿವಕಾಂತಮ್ಮ ಕತ್ತರಿ ಕೈಗೆತ್ತಿಕೊಂಡಿದ್ದಳು. ಮೇಜಿನ ಇನ್ನೊಂದು ತುದಿಯಲ್ಲಿ ಅರಿಶಿನ ಬಣ್ಣದ ಸೀರೆಯೊಂದು ಮಡಿಕೆ ಬಿಚ್ಚದೆ ಕೂತಿತ್ತು. ಸೀರೆಯ ಜೊತೆಗೇ ಬಂದಿದ್ದ ಅದೇ ಬಣ್ಣದ ಖಣವನ್ನು ಅವಳು ಸುರುಳಿ ಸುತ್ತಿ ಆಗಲೇ ಪಕ್ಕಕ್ಕಿಟ್ಟಿದ್ದಳು.

ಬಾಗಿಲ ಬಳಿ ಚಾಪೆಯ ಮೇಲೆ ಕೂತು ಹುಕ್ಕು ಹಚ್ಚುತ್ತಿದ್ದ ಇಕ್ಬಾಲ್ ಬೇಗಂ ಕನ್ನಡಕದ ಮೇಲಿಂದ ನೋಡಿದಳು.

"ಅಕ್ಕಾರ, ಅಕಿ ಹಳದಿ ಖಣಾನೇ ಹೊಲೀರಿ ಅಂದಿದ್ಲಲ್ಲ."

"ಅಂದಿದ್ಲು."

"ಮತ್ತ?"

"ಮತ್ತೇನು? ಅಕಿಗಿ ತಿಳ್ಯಂಗಿಲ್ಲ ಬೇಗಂ. ಆ ಮೈಮ್ಯಾಲ ಆ ಹಳದಿ ಹಾಕ್ಕೊಂಡು ನಿಂತ್ರ ಮಂದಿ ನಗ್ತಾರ. ಗೊತ್ತಿದ್ದೂ ನಾವು ಸುಮ್ಮ ಕೂಡಬೇಕೇನು?"

ಬೇಗಂ ಹಲ್ಲಿನಿಂದ ದಾರ ಕಡಿದು, "ನಿಮ್ಮ ಕಣ್ಣಿಗಿ ಸಲಾಂ ಹೊಡೀಬೇಕು ಬಿಡ್ರಿ" ಎಂದಳು. ಅದು ಹೊಗಳಿಕೆಯೋ ಚುಚ್ಚುಮಾತೋ ಶಿವಕಾಂತಮ್ಮನಿಗೆ ತಿಳಿಯಲಿಲ್ಲ. ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿ ಕೂತು ಹೊಲಿದಿದ್ದರೂ ಬೇಗಂಳ ಮಾತಿನ ಒಳಮಗ್ಗಲು ಅವಳಿಗೆ ಒಮ್ಮೊಮ್ಮೆ ಸಿಗುತ್ತಲೇ ಇರಲಿಲ್ಲ. ಅವಳು ಕತ್ತರಿ ಹಾಕಿದಳು.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಜಂಪರ್ ಹೊಲಿಯುವವರು ಇನ್ನೂ ನಾಲ್ಕೈದು ಮಂದಿ ಇದ್ದಾರೆ. ಆದರೆ ಬಣ್ಣ ಆರಿಸುವ ಮಾತು ಬಂದರೆ ಹೆಂಗಸರು ಶಿವಕಾಂತಮ್ಮನ ಮನೆಯ ಮುಂದಿನ ಕೋಣೆಗೇ ಬರುತ್ತಾರೆ. ಅದಕ್ಕೆ ಕಾರಣ ಅವಳ ಅಳತೆ ಪುಸ್ತಕ. ಬೇರೆಯವರ ಪುಸ್ತಕದಲ್ಲಿ ಉದ್ದ, ಎದೆ, ಸೊಂಟ, ತೋಳು, ಕತ್ತು ಎಂದು ಐದು ಮನೆಗಳಿದ್ದರೆ ಇವಳ ಪುಸ್ತಕದಲ್ಲಿ ಆರನೆಯದೊಂದಿತ್ತು. ಅದಕ್ಕೆ ತಲೆಬರಹ ಇರಲಿಲ್ಲ, ಬರೀ ಚುಕ್ಕಿಗಳು. ಕೆಂಪಗಿದ್ದವಳಿಗೆ ಒಂದು, ಗೋಧಿ ಬಣ್ಣದವಳಿಗೆ ಎರಡು, ಕಪ್ಪಗಿದ್ದವಳಿಗೆ ಮೂರು. ಹೆಂಗಸು ತಾನೇ ಬರಲಾಗದೆ ಅತ್ತೆಯ ಕೈಯಲ್ಲೋ ನಾದಿನಿಯ ಕೈಯಲ್ಲೋ ಸೀರೆ ಕಳಿಸಿದರೂ ಶಿವಕಾಂತಮ್ಮ ಹಾಳೆ ತಿರುವಿ, ಚುಕ್ಕಿ ನೋಡಿ, ಅವಳ ಮೈಗೆ ಹೊಂದುವ ಬಟ್ಟೆಯನ್ನು ಕಪಾಟಿನಿಂದ ತೆಗೆಯುತ್ತಿದ್ದಳು. ಮೂರು ಚುಕ್ಕಿಯವರಿಗೆ ಕೆಳಗಿನ ಖಾನೆ: ಕಾಫಿಪುಡಿ, ಬೂದಿ, ಬಾಟಲಿ ಹಸಿರು. ಸೀರೆಯ ಬಣ್ಣ ಎಷ್ಟೇ ಕಣ್ಣು ಕುಕ್ಕಲಿ, ಜಂಪರ್ ಅದನ್ನು ತಣ್ಣಗೆ ಮಾಡಬೇಕು ಎಂಬುದು ಅವಳ ಲೆಕ್ಕ. ಮೂವತ್ತು ವರ್ಷ ಆ ಲೆಕ್ಕ ತಪ್ಪಿರಲಿಲ್ಲ.

ಅವಳ ಹೆಸರು ಮಾತ್ರ ಆ ಪುಸ್ತಕದಲ್ಲಿರಲಿಲ್ಲ. ತನ್ನ ಜಂಪರನ್ನು ಹಳೆಯದೊಂದನ್ನು ಹಾಸಿ ಅದರ ಮೇಲಿಂದಲೇ ಕತ್ತರಿಸಿಕೊಳ್ಳುತ್ತಿದ್ದಳು. ಇದ್ದಿದ್ದರೆ ಮೂರು ಚುಕ್ಕಿ. ಅದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ, ಹತ್ತೊಂಬತ್ತನೆಯ ವಯಸ್ಸಿನಿಂದ ಕಾಫಿಪುಡಿ ಮತ್ತು ಬೂದಿ ಬಿಟ್ಟು ಬೇರೆ ಬಣ್ಣ ಅವಳ ಮೈ ಮುಟ್ಟಿರಲಿಲ್ಲ.

ಇಷ್ಟೆಲ್ಲ ಹೆಸರಿದ್ದ ಶಿವಕಾಂತಮ್ಮನಿಗೆ ಎಂಟು ದಿನದಿಂದ ಊಟ ಸೇರುತ್ತಿರಲಿಲ್ಲ. ಮಗಳು ಪ್ರೀತಿಯ ಮದುವೆಗೆ ಇನ್ನು ಒಂದು ತಿಂಗಳು. ವರ ಶಿವಶರಣ, ಕಾಲೇಜಿನಲ್ಲಿ ಪಾಠ ಹೇಳುವವನು, ಪ್ರೀತಿಯೇ ಆರಿಸಿಕೊಂಡ ಹುಡುಗ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದಿದ್ದು ಜಂಪರಿನದು. ಆಸ್ಪತ್ರೆಯ ಲ್ಯಾಬಿನಿಂದ ಬಂದು ಊಟಕ್ಕೆ ಕೂತಿದ್ದ ಪ್ರೀತಿ, ತಟ್ಟೆ ನೋಡುತ್ತಲೇ, ಮದುವೆಯ ಜಂಪರುಗಳನ್ನು ಜಗತ್ ಸರ್ಕಲ್ಲಿನ ಟೇಲರ್ ಹತ್ತಿರ ಹೊಲಿಸುತ್ತೇನೆ ಎಂದುಬಿಟ್ಟಿದ್ದಳು. ತಾಯಿ ಕಾರಣ ಕೇಳಿದ್ದಕ್ಕೆ, ಹಾಗೇ ಅನ್ನಿಸಿತು ಎಂದಷ್ಟೇ ಹೇಳಿ ಕೈ ತೊಳೆದಿದ್ದಳು. ಕಾಲೇಜಿಗೆ ಕಾಲಿಟ್ಟ ವರ್ಷದಿಂದ ಅವಳು ರೆಡಿಮೇಡ್ ಬಟ್ಟೆ ಬಿಟ್ಟು ಬೇರೆ ತೊಟ್ಟವಳಲ್ಲ. ಅದು ಹುಡುಗಿಯರ ಖಯಾಲಿ ಎಂದು ತಾಯಿ ಸುಮ್ಮನಿದ್ದಳು. ಆದರೆ ಮದುವೆಯ ಜಂಪರು? ಊರ ಹೆಣ್ಣುಮಕ್ಕಳಿಗೆಲ್ಲ ಹೊಲಿದ ಕೈ, ಹೆತ್ತ ಮಗಳಿಗೆ ಬೇಡವಾಯಿತೆ? ಅಕ್ಷತೆ ಹಾಕಲು ಬಂದವರು ಜಂಪರು ಯಾರು ಹೊಲಿದದ್ದು ಎಂದು ಕೇಳದೆ ಬಿಡುವವರಲ್ಲ.

ಇಂಥ ಹೊತ್ತಿನಲ್ಲಿ ಆ ಅರಿಶಿನ ಬಣ್ಣದ ಸೀರೆ ತಂದವಳು ಪ್ರಾಸಿ.

ಅವಳನ್ನು ಕಳಿಸಿದ್ದು ಶಿವಕಾಂತಮ್ಮನ ಅಣ್ಣ ನಾಗಣ್ಣ. ಕಮಲಾಪುರದಲ್ಲಿ ಅವನದು ಎರಡೆಕರೆ ಕೆಂಪು ಬಾಳೆಯ ತೋಟ. ಪ್ರಾಸಿ ಉಗಾಂಡಾ ದೇಶದವಳು, ಬಾಳೆಗೆ ಬರುವ ಸೊರಗು ರೋಗದ ಮೇಲೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒಂದು ವರ್ಷದಿಂದ ವಾರಕ್ಕೆ ಎರಡು ದಿನ ನಾಗಣ್ಣನ ತೋಟದಲ್ಲೇ ಇರುತ್ತಿದ್ದಳು. ತೋಟಕ್ಕೆ ಬರುವ ಆಳುಮಂದಿಯ ಬಾಯಿಂದ ಕಲಿತ ಕನ್ನಡ ಅವಳದು. ಬಾಗಿಲಲ್ಲಿ ನಿಂತು, "ನಮಸ್ಕಾರ್ರಿ ಅಕ್ಕಾರ, ನಾಗಣ್ಣಾವರು ಕಳಿಸ್ಯಾರ್ರಿ" ಎಂದಾಗ ಬೇಗಂ ಸೂಜಿಯನ್ನು ಬಟ್ಟೆಗೆ ಚುಚ್ಚುವ ಬದಲು ಬೆರಳಿಗೆ ಚುಚ್ಚಿಕೊಂಡಿದ್ದಳು.

ಅಳತೆ ತೆಗೆಯಲು ಟೇಪು ಎತ್ತಿದ ಶಿವಕಾಂತಮ್ಮನ ಕೈ ಆ ಹೆಗಲು ಮುಟ್ಟುವ ಮೊದಲು ಅರೆ ಉಸಿರಿನಷ್ಟು ಹೊತ್ತು ನಿಂತಿತು. ಯಾಕೆ ನಿಂತಿತೆಂದು ಅವಳಿಗೇ ಗೊತ್ತಿರಲಿಲ್ಲ. ಪ್ರಾಸಿ ತಾನಾಗಿಯೇ ತೋಳೆತ್ತಿ ಟೇಪಿಗೆ ದಾರಿ ಮಾಡಿಕೊಟ್ಟಳು. ಶಿವಕಾಂತಮ್ಮ ಅಳತೆ ಕೂಗಿದಳು, ಬೇಗಂ ಬರೆದುಕೊಂಡಳು. ಆರನೇ ಮನೆಗೆ ಬಂದಾಗ ಬೇಗಂ ಪೆನ್ಸಿಲು ಹಿಡಿದು ತಲೆಯೆತ್ತಿದಳು. ಪ್ರಾಸಿಯ ಬೆನ್ನ ಹಿಂದೆ ನಿಂತಿದ್ದ ಶಿವಕಾಂತಮ್ಮ ಬಾಯಿ ಬಿಡದೆ ನಾಲ್ಕು ಬೆರಳು ಎತ್ತಿ ತೋರಿಸಿದಳು. ಪುಸ್ತಕದಲ್ಲಿ ಅಂದಿನವರೆಗೆ ನಾಲ್ಕನೇ ಚುಕ್ಕಿ ಎಂಬುದು ಇರಲಿಲ್ಲ. ಇಬ್ಬರೂ ನಗು ನುಂಗಿಕೊಂಡರು.

ಗುರುವಾರ ಮಧ್ಯಾಹ್ನ ಪ್ರಾಸಿ ಜಂಪರ್ ತೊಟ್ಟು ನೋಡಲು ಬಂದಳು. ಪರದೆಯ ಹಿಂದಿನಿಂದ ಹೊರಬಂದು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಎಲ್ಲಿಯೂ ಒಂದು ನೆರಿಗೆ ಇರಲಿಲ್ಲ. ಬೆನ್ನಿಗೆ ಬಟ್ಟೆ ನೀರು ಹರಿದ ಹಾಗೆ ಕೂತಿತ್ತು.

"ಹೊಲಿಗಿ ಭಾಳ ಚಂದ ಆಗ್ಯಾದ್ರಿ ಅಕ್ಕಾರ. ಇಷ್ಟು ಬರೋಬ್ಬರಿ ನನಗ ಯಾರೂ ಹೊಲಿದಿಲ್ರಿ" ಎಂದಳು. "ಖರೇ, ಇದು ನನ್ನ ಅರಬಿ ಅಲ್ರಿ. ನಾ ಕೊಟ್ಟ ಖಣ ಹಳದಿ ಇತ್ರಿ."

ಶಿವಕಾಂತಮ್ಮ ದಿನಾ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದಳು. ಹಳದಿ ಚಲೋ ಬಣ್ಣವೇ, ಆದರೆ ಎಲ್ಲರಿಗೂ ಒಪ್ಪುವುದಿಲ್ಲ. ಇದರಲ್ಲಿ ನಿಮ್ಮ ಮುಖ ತಿಳಿಯಾಗಿ ಕಾಣುತ್ತದೆ. ಬಟ್ಟೆ ನನ್ನ ಕಡೆಯಿಂದಲೇ ಇರಲಿ.

"ಯಾರ ಕಣ್ಣಿಗಿ ಒಪ್ಪಂಗಿಲ್ರಿ?"

ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. "ಎಲ್ಲಾರ ಕಣ್ಣಿಗೂ" ಎಂದಳು ಶಿವಕಾಂತಮ್ಮ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಉತ್ತರವಲ್ಲ ಅನ್ನಿಸಿತು.

ಪ್ರಾಸಿ ಸ್ಟೂಲಿನ ಮೇಲೆ ಕೂತು, ಸಿಟ್ಟಿಲ್ಲದೆ, ಯಾರದೋ ಕಥೆ ಹೇಳುವವಳಂತೆ ವಿಶ್ವವಿದ್ಯಾಲಯದ ಬಳಿಯ ಕುಸನೂರಿನಲ್ಲಿ ಬಾಡಿಗೆ ಮನೆ ಹುಡುಕಿದ್ದನ್ನು ಹೇಳಿದಳು. ಆರು ಮನೆಯವರು ಇಲ್ಲ ಎಂದಿದ್ದರಂತೆ. ಮೊದಲನೆಯವರು, ಬೇಸಿಗೆಯಲ್ಲಿ ಇಲ್ಲಿ ನೀರಿಲ್ಲ, ನಿನಗೆ ತ್ರಾಸ ಆಗುತ್ತದೆ ಎಂದರು. ಎರಡನೆಯವರು, ಮೆಟ್ಟಿಲು ಕಡಿದಾಗಿವೆ, ಬಿದ್ದೀಯ ಎಂದರು. ಇನ್ನೊಬ್ಬರು ನಮ್ಮ ಒಗ್ಗರಣೆಯ ಘಾಟು ನಿನಗೆ ಆಗಿಬರುವುದಿಲ್ಲ ಎಂದರು. ಎರಡು ಮನೆಯಲ್ಲಿ ಚಹಾ ಕೂಡ ಕೊಟ್ಟರು. ಏಳನೇ ಮನೆಯ ಮುದುಕಿ ಮಾತ್ರ, ಸ್ನಾನಕ್ಕೆ ಎಷ್ಟು ಕೊಡ ನೀರು ಬೇಕು ಎಂದು ಕೇಳಿ, ಎರಡು ಎಂದದ್ದಕ್ಕೆ ಕೀಲಿಕೈ ಕೊಟ್ಟಳು.

"ಆರೂ ಮನಿಯವರು ನನ್ನ ಚಲೋದಕ್ಕೇ ಹೇಳಿದ್ರು ಅಕ್ಕಾರ. ಒಬ್ಬರೂ ನನ್ನ ಕೇಳಲಿಲ್ರಿ."

ಇಷ್ಟು ಹೇಳಿ ಅವಳು ಎದ್ದಳು. ಭಾನುವಾರ ಕಮಲಾಪುರದಲ್ಲಿ ಬಾಳೆ ಬೆಳೆಗಾರರ ಮುಂದೆ ಮಾತಾಡುವುದಿದೆ, ಅಂದು ಈ ಸೀರೆ ಉಟ್ಟು ಊರಲ್ಲಿರುವ ತಾಯಿಗೆ ವಿಡಿಯೋದಲ್ಲಿ ತೋರಿಸಬೇಕು, ಹಳದಿ ಅವಳ ತಾಯಿಯ ಬಣ್ಣ, ದಯಮಾಡಿ ಅದೇ ಖಣದಲ್ಲಿ ಹೊಲಿದುಕೊಡಿ ಎಂದಳು. ಕಾಫಿಪುಡಿ ಜಂಪರನ್ನು ನೀಟಾಗಿ ಮಡಚಿ ಮೇಜಿನ ಮೇಲಿಟ್ಟು ಹೋದಳು.

ಅವಳು ಓಣಿ ತಿರುಗುವ ತನಕ ಬೇಗಂ ಕಾದಳು.

"ಅಕ್ಕಾರ, ಆ ದಿನ ನಾಕ ಬೆರಳ ಎತ್ತಿದ್ರಲ್ಲ, ಅಕಿ ಎದುರಿಗಿ ಕನ್ನಡಿ ಇತ್ರಿ."

ಶಿವಕಾಂತಮ್ಮ ಕನ್ನಡಿಯತ್ತ ನೋಡಿದಳು. ಅದು ಅಲ್ಲಿಯೇ ಇತ್ತು, ಮೂವತ್ತು ವರ್ಷದಿಂದ ಇದ್ದಲ್ಲಿಯೇ. ಅದರಲ್ಲಿ ಅವಳು, ಅವಳ ಹಿಂದೆ ಬಟ್ಟೆಯ ಕಪಾಟು, ಕೆಳಗಿನ ಖಾನೆಯ ಬೂದಿ ಬಣ್ಣ ಎಲ್ಲವೂ ಕಾಣುತ್ತಿದ್ದವು.

"ಬರದಾಕಿ ನಾನೇ, ನಕ್ಕಾಕಿನೂ ನಾನೇ" ಎಂದಳು ಬೇಗಂ, ಹುಕ್ಕಿನ ಡಬ್ಬಿ ಮುಚ್ಚುತ್ತ. "ನಮ್ಮ ದಾದಿ, ಅಪ್ಪನ ಅವ್ವ, ಬೀದರದಾಕಿ. ಅಲ್ಲಿ ಹಬ್ಶಿ ಕೋಟ್ ಅಂತ ಅದರಿ. ಅಕಿಯಂಥ ಹಬ್ಶಿ ಮಂದಿ ಆ ಕಾಲಕ್ಕ ಸರದಾರ ಆಗಿದ್ರಂತ, ಗೋರಿ ಇನ್ನೂ ಅವ ಅಂತಿದ್ಲು. ಈಗ ನಮ್ಮ ಓಣ್ಯಾಗ ನೋಡ್ರಿ, ಹಬ್ಶಿ ಅಂದ್ರ ಬೈಗುಳ."

ಶುಕ್ರವಾರ, ಶನಿವಾರ ಎರಡು ದಿನ ಶಿವಕಾಂತಮ್ಮ ಆ ಹಳದಿ ಜಂಪರ್ ಹೊಲಿದಳು. ಮುಖ ಬಿಗಿದುಕೊಂಡೇ ಹೊಲಿದಳು. ಕೈ ಮಾತ್ರ ಸುಳ್ಳು ಹೊಲಿಯಲಾರದ ಕೈ, ಕತ್ತಿನ ಪಟ್ಟಿ ಎಳೆಯಷ್ಟೂ ಅಂಕುಡೊಂಕಾಗಲಿಲ್ಲ. ಹಾಕಿಕೊಳ್ಳಲಿ, ನಾಲ್ಕು ಮಂದಿಯ ಮುಂದೆ ನಿಂತಾಗ ಅವಳಿಗೇ ತಿಳಿಯುತ್ತದೆ ಎಂದು ಒಳಗೊಳಗೇ ಹೇಳಿಕೊಂಡಳು. ಪ್ರಾಸಿ ಶನಿವಾರವೇ ಕಮಲಾಪುರಕ್ಕೆ ಹೋಗಿದ್ದಳು. ಭಾನುವಾರ ಮುಂಜಾನೆ ಸೀರೆ, ಜಂಪರು ಎರಡನ್ನೂ ಚೀಲದಲ್ಲಿಟ್ಟುಕೊಂಡು ಶಿವಕಾಂತಮ್ಮ ತಾನೇ ಬಸ್ಸು ಹತ್ತಿದಳು. ತವರಿಗೆ ಹೋಗಿ ಬಂದ ಹಾಗಾಯಿತು ಎಂದು ಗಂಡನಿಗೆ ಹೇಳಿದಳು. ಹೋಗುವುದಕ್ಕೆ ನಿಜವಾದ ಕಾರಣ, ತನ್ನ ಲೆಕ್ಕ ಸರಿ ಎಂದು ಕಣ್ಣಾರೆ ನೋಡಬೇಕಿತ್ತು.

ನಾಗಣ್ಣ ಅಂಗಳದಲ್ಲಿ ಜಮಖಾನೆ ಹಾಸುತ್ತಿದ್ದ. ತಂಗಿಯನ್ನು ಕಂಡವನೇ ಮದುವೆಯ ಮಾತು ತೆಗೆದ. ಸೋದರಮಾವನ ಮನೆಯಿಂದ ಆಯೇರಿ ಉಡುಗೊರೆ ಕೊಡಬೇಕಲ್ಲ, ನಿನಗೆ ಯಾವ ಸೀರೆ ತರಲಿ, ಯಾವಾಗಲೂ ತರುವ ಕಾಫಿ ಬಣ್ಣದ್ದೇನಾ ಎಂದು ಕೇಳಿದ. ಆಮೇಲೆ ಹೇಳುತ್ತೇನೆ ಎಂದಳು ಅವಳು.

ಪ್ರಾಸಿ ಒಳಕೋಣೆಗೆ ಹೋಗಿ ಜಂಪರ್ ತೊಟ್ಟಳು. ಅತ್ತಿಗೆ, ನಾಗಣ್ಣನ ಹೆಂಡತಿ, ಸೀರೆ ಉಡಿಸಿದಳು. ಬಾಗಿಲ ಪರದೆ ಸರಿಸಿ ಅವಳು ಪಡಸಾಲೆಗೆ ಬಂದಾಗ ಶಿವಕಾಂತಮ್ಮ ಚಹಾದ ಬಟ್ಟಲನ್ನು ತುಟಿಯ ಹತ್ತಿರ ಹಿಡಿದವಳು ಹಾಗೇ ಉಳಿದಳು.

ಹಳದಿ ಎಷ್ಟು ಮೋಸದ ಬಣ್ಣ ಎಂದು ಅವಳಿಗೆ ಗೊತ್ತಿತ್ತು. ಒಂದು ಚುಕ್ಕಿಯವರ ಮೇಲೆ ಅದು ಕಾಮಾಲೆ ಬಂದ ಹಾಗೆ ಪೇಲವವಾಗುತ್ತದೆ. ಎರಡು ಚುಕ್ಕಿಯವರಿಗೆ ಅದನ್ನು ಹೊಲಿಯುವಾಗ ಕತ್ತಿಗೂ ತೋಳಿಗೂ ಕೆಂಪು ಅಂಚು ಕೊಟ್ಟು ಎತ್ತಿ ನಿಲ್ಲಿಸಬೇಕು. ಇಲ್ಲಿ ಅಂಥ ಯಾವ ಉಪಾಯವೂ ಬೇಕಾಗಿರಲಿಲ್ಲ. ಹಳದಿ ತನ್ನಷ್ಟಕ್ಕೆ ತಾನು ತುಂಬಿಕೊಂಡು ನಿಂತಿತ್ತು, ಅದರ ಪಕ್ಕದಲ್ಲಿ ಆ ತೋಳು, ಆ ಕತ್ತು, ಎಣ್ಣೆ ಸವರಿದ ಬೀಟೆ ಮರದ ಹಾಗೆ ಒಳಗಿನಿಂದ ಹೊಳೆಯುತ್ತಿದ್ದವು. ಎರಡೂ ಒಂದನ್ನೊಂದು ತಣ್ಣಗೆ ಮಾಡಿರಲಿಲ್ಲ. ಮೂವತ್ತು ವರ್ಷದ ಕಣ್ಣು ತಪ್ಪಿದ್ದನ್ನು ಆ ಕಣ್ಣೇ ಮೊದಲು ಒಪ್ಪಿಕೊಂಡಿತು. ಮನಸ್ಸು ಇನ್ನೂ ಹಿಂದೆ ನಿಂತಿತ್ತು.

ಪ್ರಾಸಿ ಮೊಬೈಲು ಹಿಡಿದು ತನ್ನ ಭಾಷೆಯಲ್ಲಿ ತಾಯಿಯೊಡನೆ ಮಾತಾಡಿದಳು. ನಂತರ ಪರದೆಯನ್ನು ಶಿವಕಾಂತಮ್ಮನತ್ತ ತಿರುಗಿಸಿದಳು. ದೂರದಲ್ಲಿ ಯಾವುದೋ ಅಂಗಳದಲ್ಲಿ ಕೂತ ಮುದುಕಿ, ಅರಿಶಿನ ಬಣ್ಣದ ಬಟ್ಟೆಯನ್ನು ತಲೆಗೆ ಸುತ್ತಿಕೊಂಡವಳು, ಎರಡೂ ಕೈ ಎತ್ತಿ ಏನೋ ಹೇಳಿದಳು. "ನಿಮ್ಮ ಕೈಗೆ ದೇವರು ಒಳ್ಳೇದು ಮಾಡಲಿ ಅಂತಾಳ್ರಿ" ಎಂದಳು ಪ್ರಾಸಿ. ಶಿವಕಾಂತಮ್ಮ ಕೈಮುಗಿದಳು. ಆ ಕೈಯ ನಾಲ್ಕು ಬೆರಳು ಅವಳಿಗೆ ಭಾರವಾದವು.

ತೋಟದಲ್ಲಿ ಮೂವತ್ತು ಮಂದಿ ಸೇರಿದ್ದರು. ಹೆಂಗಸರು ಬದುವಿನ ಮೇಲೆ ಕೂತರು. ಪ್ರಾಸಿ ಚಪ್ಪಲಿ ಬಿಟ್ಟು, ಸೀರೆಯನ್ನು ಮೊಳಕಾಲಿನ ತನಕ ಎತ್ತಿ ಸಿಕ್ಕಿಸಿ, ಬಾಳೆಯ ಸಾಲಿನೊಳಗೆ ನಡೆದು ಹೋದ ರೀತಿ ನೋಡಿದರೆ ಅವಳು ಅಲ್ಲಿಯೇ ಹುಟ್ಟಿದವಳ ಹಾಗಿತ್ತು. ಎಲೆ ನೋಡುತ್ತಿರಲಿಲ್ಲ, ಬುಡ ನೋಡುತ್ತಿದ್ದಳು. ಒಂದು ಗಿಡದ ದಿಂಡನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. ಚಾಕುವನ್ನು ಒಂದು ಗಿಡಕ್ಕೆ ತಾಗಿಸಿದ ಮೇಲೆ ಇನ್ನೊಂದಕ್ಕೆ ತಾಗಿಸುವ ಮೊದಲು ಪ್ರತಿಸಲವೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಒರೆಸುತ್ತಿದ್ದಳು. ಮರೆಯುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ಕೆಲಸ ಬಲ್ಲವರ ಕೈ ಯಾವ ಕೆಲಸದಲ್ಲಿದ್ದರೂ ಒಂದೇ ಎಂದು ಶಿವಕಾಂತಮ್ಮನಿಗೆ ಅನ್ನಿಸಿತು. ಸೂಜಿಗೆ ದಾರ ಪೋಣಿಸುವಾಗ ತನ್ನ ಉಸಿರು ಹೇಗೆ ನಿಲ್ಲುತ್ತದೋ, ಚಾಕು ಒರೆಸುವಾಗ ಅವಳದೂ ಹಾಗೇ ನಿಲ್ಲುತ್ತಿತ್ತು.

ಪಕ್ಕದ ತೋಟದ ಮಹಾದೇವನಿಗೆ ಇದನ್ನು ಸಹಿಸಲಾಗಲಿಲ್ಲ. ಅಪ್ಪ ಅಜ್ಜನ ಕಾಲದಿಂದ ಬಾಳೆ ಬೆಳೆದವನು ಅವನು.

"ಅಲ್ಲವ್ವಾ, ನಮ್ಮ ಬಾಳಿ ಬುಡ ನೀ ಬಂದು ತೋರಸ್ತಿ. ನಿಮ್ಮ ಅಡವ್ಯಾಗ ಬಾಳಿ ಇರ್ತಾವೇನು?"

ಕೆಲವರು ನಕ್ಕರು. ಪ್ರಾಸಿಯೂ ನಕ್ಕಳು.

"ಅಡವ್ಯಾಗ ಇಲ್ರಿ ಕಾಕಾ, ಹಿತ್ತಲದಾಗ ಅವ. ನೀವು ಮೂರೂ ಹೊತ್ತು ರೊಟ್ಟಿ ಉಣ್ತೀರಿ, ನಾವು ಮೂರೂ ಹೊತ್ತು ಬಾಳಿಕಾಯಿ ಬೇಯಿಸಿ ಉಣ್ತೀವಿ. ಮದುವ್ಯಾಗ ಬಾಳಿಕಾಯಿ ಹಾಕಲಿಲ್ಲಂದ್ರ ಬೀಗರು ಎಲಿ ಬಿಟ್ಟು ಎದ್ದು ಹೋಗ್ತಾರ್ರಿ."

"ನಮ್ಮ ಬೀಗರಂಗೇ ಅದಾರ ಬಿಡು" ಎಂದು ಹಿಂದಿನಿಂದ ಯಾರೋ ಅಂದರು. ಈ ಸಲ ನಗು ಮಹಾದೇವನ ಕಡೆ ತಿರುಗಿತು. ಅವನೂ ಮೀಸೆಯಲ್ಲಿ ನಕ್ಕು, ಹೇಳು ಹೇಳು ಎಂದು ಕೂತ.

ಅವಳು ಒಂದು ಗಿಡದ ದಿಂಡನ್ನು ಅಡ್ಡ ಕೊಯ್ದು ತೋರಿಸಿದಳು. ಹೊರಗೆ ಹಸಿರಾಗಿ ತುಂಬಿಕೊಂಡಿದ್ದ ಗಿಡ, ಒಳಗೆ ಕಂದು ಉಂಗುರ ಉಂಗುರ. ಇಂಥ ಗಿಡದ ಬುಡದ ಮರಿಯನ್ನು ಕಿತ್ತು ನೆಂಟರಿಗೆ ಕೊಟ್ಟರೆ ರೋಗವನ್ನೇ ಉಡುಗೊರೆ ಕೊಟ್ಟ ಹಾಗೆ ಎಂದಾಗ, ಹೋದ ವರ್ಷ ಮೂರು ಮನೆಗೆ ಮರಿ ಹಂಚಿದ್ದ ನಾಗಣ್ಣ ತಲೆ ಕೆರೆದುಕೊಂಡ. ಪ್ರಾಸಿ ಅವನನ್ನು ಬೈಯಲಿಲ್ಲ. ಕೊಡುವಾಗ ನಿಮಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು, ಆ ಮೂರು ಮನೆಗೆ ಹೋಗಿ ಹೇಳಿ ಬನ್ನಿ, ಬೇಕಾದರೆ ನಾನೂ ಬರುತ್ತೇನೆ ಎಂದಳು.

ಆಮೇಲೆ ಚೀಲದಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದು ಎಲ್ಲರ ಕೈಗೂ ಹೋಗಲಿ ಎಂದು ಬಿಟ್ಟಳು. ತೋಟದ ಒಂದೊಂದು ಗಿಡಕ್ಕೂ ಒಂದು ಸಾಲು. ಎತ್ತರ, ದಿಂಡಿನ ಸುತ್ತಳತೆ, ಎಲೆಯ ಎಣಿಕೆ. ಕೊನೆಯ ಮನೆಯಲ್ಲಿ ಚುಕ್ಕಿಗಳು.

ಪುಸ್ತಕ ಶಿವಕಾಂತಮ್ಮನ ತೊಡೆಯ ಮೇಲೆ ಬಂದಾಗ ಪ್ರಾಸಿ ಅದರ ಅರ್ಥ ಹೇಳುತ್ತಿದ್ದಳು.

"ಚುಕ್ಕಿ ಇಲ್ಲದ್ದು ಆರಾಮ ಇರೋ ಗಿಡ. ಒಂದು ಅಂದ್ರ ರೋಗದ ಅನುಮಾನ. ಎರಡು ಅಂದ್ರ ರೋಗ ಹೊಕ್ಕದ. ಮೂರು ಅಂದ್ರ ಏರ್ಯಾದ. ನಾಕ ಚುಕ್ಕಿ ಅಂದ್ರ ಕೈ ಬಿಟ್ಟಂಗ್ರಿ, ಬುಡಸಹಿತ ಕಿತ್ತು ಸುಡೋದು."

ಅವಳು ಯಾರನ್ನೂ ನೋಡಿ ಹೇಳಲಿಲ್ಲ. ಅವಳ ದೃಷ್ಟಿ ಗಿಡಗಳ ಮೇಲಿತ್ತು. ಆದರೂ ಶಿವಕಾಂತಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

ಹಾಳೆಯ ಮೇಲಿನ ಚುಕ್ಕಿಗಳನ್ನು ನೋಡುತ್ತ ಅವಳಿಗೆ ನೆನಪಾದದ್ದು ಪ್ರಾಸಿಯ ನಾಲ್ಕು ಚುಕ್ಕಿಯಲ್ಲ. ಬೇಗಂ ಕೆಲಸಕ್ಕೆ ಬರುವ ಮೊದಲು ಅಳತೆ ಬರೆದುಕೊಳ್ಳುತ್ತಿದ್ದವಳು ಪ್ರೀತಿ. ಅಕ್ಷರ ದುಂಡಗೆ, ಮುತ್ತಿನ ಹಾಗೆ. ದೀಪಾವಳಿಗೆ ಮುಂಚೆ ಒಂದು ದಿನ ಅವಳದೇ ಲಂಗ ಜಂಪರಿಗೆ ಅಳತೆ ತೆಗೆಯುವುದಿತ್ತು. ಹನ್ನೊಂದು ವರ್ಷದ ಹುಡುಗಿ, ತಾನೇ ನಿಂತು ಅಳತೆ ಕೊಡುತ್ತ, ತಾನೇ ಬಗ್ಗಿ ಬರೆಯುತ್ತ, ಅದನ್ನೊಂದು ಆಟ ಮಾಡಿಕೊಂಡಿತ್ತು. ಕಡು ಗುಲಾಬಿ, ರಾಣಿ ಬಣ್ಣದ್ದು ಬೇಕು ಎಂದಿತ್ತು. ಕೊನೆಯ ಮನೆಗೆ ಬಂದಾಗ ತಲೆಯೆತ್ತಿ ಕೇಳಿತ್ತು: "ನನಗ ಎಷ್ಟು ಅವ್ವ?"

"ಮೂರು ಇಡು" ಎಂದಿದ್ದಳು ಶಿವಕಾಂತಮ್ಮ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಬೇರೆ ಯಾವುದೋ ಧ್ಯಾನದಲ್ಲಿ.

ಹುಡುಗಿ ತನ್ನ ಮುಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಿತ್ತು. ಆಮೇಲೆ ಮೂರು ಚುಕ್ಕಿ ಇಟ್ಟಿತ್ತು. ಒಂದರ ಪಕ್ಕ ಒಂದು, ಸಮ ಅಂತರದಲ್ಲಿ, ಬಹಳ ಜಾಗ್ರತೆಯಿಂದ. ಆ ದೀಪಾವಳಿಗೆ ಬಾಟಲಿ ಹಸಿರಿನ ಜಂಪರು ತೊಟ್ಟಿತ್ತು. ರಾಣಿ ಬಣ್ಣದ ಮಾತು ಮತ್ತೆಂದೂ ಎತ್ತಿರಲಿಲ್ಲ.

ಪಕ್ಕದವಳು ಪುಸ್ತಕಕ್ಕೆ ಕೈ ಚಾಚಿದಾಗ ಶಿವಕಾಂತಮ್ಮ ಅದನ್ನು ದಾಟಿಸಿದಳು.

ಸಂಜೆ ಇಬ್ಬರೂ ಒಂದೇ ಬಸ್ಸಿಗೆ ಕಲಬುರಗಿಗೆ ಹೊರಟರು. ಪ್ರಾಸಿ ಮೊದಲು ಹತ್ತಿ ಕಿಟಕಿಯ ಬಳಿ ಕೂತಳು. ಅತ್ತಿಗೆ ಕಟ್ಟಿಕೊಟ್ಟ ಬಾಳೆಯ ಗೊನೆಯನ್ನು ಬಸ್ಸಿನ ಹಿಂಬಾಗಿಲಲ್ಲಿ ಇಡಿಸಿಕೊಂಡು ಶಿವಕಾಂತಮ್ಮ ಮುಂದೆ ಬರುವಷ್ಟರಲ್ಲಿ ಬಸ್ಸು ತುಂಬಿತ್ತು. ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು, ಇಬ್ಬರು ಮುದುಕರು, ಕಾಲೇಜು ಹುಡುಗಿಯರು ಕಂಬ ಹಿಡಿದು ನಿಂತಿದ್ದರು. ಪ್ರಾಸಿಯ ಪಕ್ಕದ ಸೀಟು ಖಾಲಿ ಇತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ, ನೋಡದೆ ಇರುವುದರಲ್ಲಿ ಎಲ್ಲರೂ ಒಂದಾಗಿದ್ದರು. ಶಿವಕಾಂತಮ್ಮ ಹೋಗಿ ಕೂತಳು.

"ಈ ಸೀಟು ಯಾವಾಗಲೂ ಖಾಲಿ ಇರ್ತದ್ರಿ ಅಕ್ಕಾರ" ಎಂದಳು ಪ್ರಾಸಿ, ಕಾಲ ಬಳಿಯಿಂದ ಚೀಲವನ್ನು ತೊಡೆಗೆ ಎತ್ತಿಕೊಳ್ಳುತ್ತ. "ದಿನಾ ಇದು ನನ್ನ ಚೀಲಕ್ಕ ರಾಣಿವಾಸ."

ನಗಬೇಕೆಂದು ಹೇಳಿದ ಮಾತು. ಶಿವಕಾಂತಮ್ಮನಿಗೆ ನಗು ಬರಲಿಲ್ಲ. ಬಸ್ಸು ಊರು ದಾಟಿದ ಮೇಲೆ ಕೇಳಿದಳು.

"ಇದಕ್ಕೆಲ್ಲಾ ನಿಮಗ ಸಿಟ್ಟು ಬರಂಗಿಲ್ಲೇನ್ರಿ?"

"ಬರ್ತದ್ರಿ. ದಿನಾ ಬರ್ತದ" ಎಂದಳು ಪ್ರಾಸಿ. ಮುಖದಲ್ಲಿ ದಿನವಿಡೀ ಇದ್ದ ನಗು ಇರಲಿಲ್ಲ, ದಣಿವಿತ್ತು. "ಖರೇ, ಎಲ್ಲಾರ ಕೂಡ ಜಗಳ ಆಡ್ಕೋತ ಕುಂತ್ರ ಬಾಳಿ ನೋಡಾಕ ಟೈಮ್ ಎಲ್ಲಿ ಸಿಗ್ತದ್ರಿ? ಯಾವುದಕ್ಕ ಆಡಬೇಕು ಅಂತ ಆರಿಸ್ಕೋತೀನಿ. ನಿಮ್ಮ ಕೂಡ ಆಡಿದೆ, ಯಾಕಂದ್ರ ಅರಬಿ ನಂದಿತ್ತು."

ಅದು ಜಗಳವಾಗಿತ್ತು ಎಂದು ಶಿವಕಾಂತಮ್ಮನಿಗೆ ಆಗ ಗೊತ್ತಾಯಿತು. ದನಿ ಏರಿಸದೆ, ಬಟ್ಟೆ ಮಡಚಿಟ್ಟು, ತನ್ನದನ್ನು ಕೇಳಿ ಪಡೆದು ಹೋದ ಆ ಮಧ್ಯಾಹ್ನವನ್ನು ನೆನೆದು, ಇಷ್ಟು ಚಂದದ ಜಗಳವನ್ನು ತಾನು ಜನ್ಮದಲ್ಲಿ ಆಡಿಲ್ಲ ಅನ್ನಿಸಿತು. ಪ್ರೀತಿಯದೂ ಜಗಳವೇ. ಅದು ಹದಿಮೂರು ವರ್ಷ ಹಳೆಯದು. ನಾಲ್ಕು ಬೆರಳಿನ ಮಾತು ಗಂಟಲಿನ ತನಕ ಬಂದಿತ್ತು. ಕ್ಷಮೆ ಕೇಳಿದರೆ ತನ್ನ ಎದೆ ಹಗುರಾಗುತ್ತದೆ, ದಣಿದು ಕಣ್ಣು ಮುಚ್ಚಿದವಳಿಗೆ ಇನ್ನೊಂದು ಭಾರ ಕೊಟ್ಟ ಹಾಗಾಗುತ್ತದೆ. ಅವಳು ಪ್ರಾಸಿಯ ತೊಡೆಯಿಂದ ಜಾರುತ್ತಿದ್ದ ಚೀಲವನ್ನು ತನ್ನ ತೊಡೆಗೆ ಎತ್ತಿಕೊಂಡಳು. ಪ್ರಾಸಿಯ ತಲೆ ವಾಲಿ ಹೆಗಲಿಗೆ ತಾಗಿದಾಗ ಶಿವಕಾಂತಮ್ಮ ಸರಿಯಲಿಲ್ಲ. ಕಲಬುರಗಿ ಬರುವ ತನಕ ಭುಜ ಅಲುಗಿಸಲಿಲ್ಲ.

ಸೋಮವಾರ ಮುಂಜಾನೆ ಪ್ರೀತಿ ಡ್ಯೂಟಿಗೆ ಹೊರಟು ನಿಂತಿದ್ದಳು. ಕೈಯಲ್ಲಿ ಸೀರೆ ಅಂಗಡಿಯ ಚೀಲ. ಹೋಗುವಾಗ ಜಗತ್‌ನ ಟೇಲರಿಗೆ ಕೊಟ್ಟು ಹೋಗುವುದಿತ್ತು. ಚೀಲದ ಬಾಯಿಂದ ರಾಣಿ ಬಣ್ಣದ ಅಂಚು ಇಣುಕುತ್ತಿತ್ತು. ಬಾಗಿಲ ಬಳಿ ಅವಳು ಒಂದು ಗಳಿಗೆ ತಡೆದಳು. ಬೈಗುಳಕ್ಕೆ ಹೆಗಲು ಬಿಗಿ ಮಾಡಿಕೊಂಡವಳಂತೆ ನಿಂತಿದ್ದಳು.

"ತೋಳು ಅರ್ಧ ಇಂಚು ಸಡ್ಲ ಇಡು ಅಂತ ಹೇಳು" ಎಂದಳು ಶಿವಕಾಂತಮ್ಮ. "ಮಾಲಿ ಹಾಕುವಾಗ ಕೈ ಎತ್ತಿದ್ರ ಬಿಗಿತದ."

ಪ್ರೀತಿ ಕಾದಳು.

"ಬಣ್ಣ ಯಾವುದು ಅಂತ ಕೇಳಲಿಲ್ಲಲ್ಲ ಅವ್ವ ನೀ?"

"ನಿನಗ ಬೇಕಾದದ್ದು ತಗೊಂಡೀದಿ. ನಾ ಏನು ಕೇಳಲಿ?"

ಪ್ರೀತಿ ತಾಯಿಯ ಮುಖವನ್ನು, ಅಲ್ಲಿ ಏನೋ ಬರೆದಿದೆ ಎಂಬ ಹಾಗೆ ನೋಡಿದಳು. ಹೋಗಿಬರ್ತೀನಿ ಎಂದಳು. ಗೇಟಿನ ಹತ್ತಿರ ಸ್ಕೂಟಿ ಚಾಲೂ ಆಗಲು ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಸದ್ದು ಓಣಿಯ ತುದಿಗೆ ಹೋಗಿ ಕರಗಿತು. ಜಂಪರು ಜಗತ್‌ಗೆ ಹೋಯಿತು. ಹೋಗಲಿ. ಮದುವೆಯಲ್ಲಿ ಯಾರಾದರೂ ಕೇಳಿದರೆ, ಮಗಳ ಮನಸ್ಸಿಗೆ ಬಂದಲ್ಲಿ ಹೊಲಿಸಿದಳು ಎಂದರಾಯಿತು.

ಬೇಗಂ ಬರಲು ಇನ್ನೂ ಹೊತ್ತಿತ್ತು. ಶಿವಕಾಂತಮ್ಮ ಹಳೆಯ ಅಳತೆ ಪುಸ್ತಕವನ್ನು ಕಪಾಟಿನ ಮೇಲಕ್ಕೆ ಸರಿಸಿ, ಹೊಸದೊಂದು ಪುಸ್ತಕ ತೆಗೆದಳು. ಅಡ್ಡಪಟ್ಟಿ ಇಟ್ಟು ಮನೆಗಳನ್ನು ಎಳೆದಳು. ಉದ್ದ, ಎದೆ, ಸೊಂಟ, ತೋಳು, ಕತ್ತು. ಕೈ ರೂಢಿಯಂತೆ ಆರನೇ ಗೆರೆಗೆ ಹೋಯಿತು. ಗೆರೆ ಎಳೆಯದೆ ಪೆನ್ಸಿಲು ಮೇಲೆತ್ತಿದಳು.

ಕನ್ನಡಿಯ ಮುಂದೆ ನಿಂತು ಟೇಪನ್ನು ತನ್ನ ಮೈಗೆ ಸುತ್ತಿದಳು. ಬೇರೆಯವರ ಅಳತೆ ತೆಗೆದ ಕೈಗೆ ತನ್ನ ಬೆನ್ನು ಸಿಗುವುದು ಕಷ್ಟವಾಯಿತು. ಹೆಗಲಿನದಂತೂ ಎರಡು ಸಲ ಜಾರಿ ಬಿತ್ತು. ಎದೆ ತಾನು ಅಂದುಕೊಂಡದ್ದಕ್ಕಿಂತ ಎರಡು ಇಂಚು ಹೆಚ್ಚಾಗಿತ್ತು. ಇಷ್ಟು ವರ್ಷ ಬಿಗಿ ಜಂಪರಿನಲ್ಲೇ ಉಸಿರಾಡಿದ್ದೆ ಎಂದುಕೊಂಡು ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದಳು, ಐದು ಅಂಕಿ ಬರೆದಳು, ಪುಸ್ತಕ ಮುಚ್ಚಿದಳು.

ಕಪಾಟಿನ ಮೇಲಿನ ಖಾನೆಯಿಂದ ಅರಿಶಿನ ಬಣ್ಣದ ಬಟ್ಟೆಯ ತಾನನ್ನು ಎಳೆದು ಮೇಜಿನ ಮೇಲೆ ಬಿಚ್ಚಿದಾಗ ಕೋಣೆಗೆ ಇನ್ನೊಂದು ಕಿಟಕಿ ತೆರೆದ ಹಾಗಾಯಿತು. ಅಣ್ಣ ತರುವ ಸೀರೆ ಯಾವ ಬಣ್ಣದ್ದೇ ಇರಲಿ, ಮಗಳ ಮದುವೆಯಲ್ಲಿ ಇದನ್ನೇ ತೊಡುವುದು. ಯಾಕೆಂದು ಯಾರಿಗೂ ಹೇಳುವುದಿಲ್ಲ. ಕಾಣಬೇಕಾದವಳಿಗೆ ಕಾಣುತ್ತದೆ, ಕಾಣದಿದ್ದರೂ ನಡೆಯುತ್ತದೆ.

ಸೀಮೆಸುಣ್ಣದ ಗೆರೆ ಅರ್ಧ ಆಗಿದ್ದಾಗ ಬೇಗಂ ಒಳಗೆ ಬಂದಳು. ಬುರ್ಖಾ ಕಳಚಿ ಮೊಳೆಗೆ ಹಾಕುತ್ತ ಮೇಜಿನತ್ತ ಕಣ್ಣು ಹಾಯಿಸಿದಳು.

"ಯಾರದ್ರಿ ಅಕ್ಕಾರ, ಇಷ್ಟು ಮುಂಜಾನಿ?"

"ಕಮಲಾಪುರದ ಒಬ್ಬಾಕಿದು" ಎಂದು ಶಿವಕಾಂತಮ್ಮ ಕತ್ತರಿ ಹಾಕಿದಳು.